ಬಿಸಿಯಾದ ಬೈಕ್ ಸ್ಟಾರ್ಟ್ ಆಗದಿದ್ದರೆ: ತಣ್ಣಗಾಗುವ ಮೊದಲೇ ನೋಡಬೇಕಾದದ್ದು

ಬೆಳಗ್ಗೆ ಮನೆ ಮುಂದೆ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುವ ಬೈಕು ಅದು. ಮಧ್ಯಾಹ್ನ ಬೆಂಗಳೂರಿನ ಗೊರಗುಂಟೆಪಾಳ್ಯದ ಸಿಗ್ನಲ್ ದಾಟಿ, ಒಂದು ಲೋಟ ಮಜ್ಜಿಗೆ ಕುಡಿಯೋಣ ಅಂತ ನಿಲ್ಲಿಸಿದರೆ ಮತ್ತೆ ಏಳುವುದೇ ಇಲ್ಲ. ಕಿಕ್ ಹೊಡೆದು ಹೊಡೆದು ಕಾಲು ಸೋಲುತ್ತದೆ. ಅರ್ಧ ಗಂಟೆ ಹಾಗೇ ಬಿಟ್ಟರೆ ಏನೂ ಆಗಿಲ್ಲ ಅನ್ನುವಂತೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಎಲ್ಲ ಸರಿ ಇರುತ್ತದೆ. ಅವರು ಪ್ಲಗ್ ಬದಲಿಸಿ, ಕಾರ್ಬುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಕ್ಲೀನ್ ಮಾಡಿ ಕಳಿಸುತ್ತಾರೆ, ಎರಡು ದಿನ ಕಳೆದರೆ ಮತ್ತೆ ಅದೇ ಗೋಳು.

ಈ ದೋಷ ಇರುವುದೇ ಬಿಸಿಯಲ್ಲಿ. ತಣ್ಣಗಾದ ಮೇಲೆ ಹುಡುಕಿದರೆ ಎಷ್ಟೇ ಒಳ್ಳೆಯ ಮೆಕ್ಯಾನಿಕ್ ಆದರೂ ಸಿಗುವುದಿಲ್ಲ, ಹಾಗಾಗಿ ಸುಮ್ನೆ ಒಂದೊಂದೇ ಪಾರ್ಟ್ ಬದಲಾಗುತ್ತಾ ಹೋಗುತ್ತದೆ. ನಾನು ಹೇಳುವುದು ಇಷ್ಟೇ: ಬೈಕ್ ಕೈಕೊಟ್ಟ ಜಾಗದಲ್ಲೇ, ಮೊದಲ ಹತ್ತು ನಿಮಿಷದೊಳಗೆ, ನೀವೇ ನೋಡಿ. ಇದಕ್ಕೆ ದೊಡ್ಡ ವಿದ್ಯೆ ಬೇಡ. ಒಂದು ಪ್ಲಗ್ ಸ್ಪ್ಯಾನರ್, ಒಂದು ಹೊಸ ಪ್ಲಗ್, ಒಂದು ಸ್ಕ್ರೂಡ್ರೈವರ್, ಹಳೆ ಬಟ್ಟೆ ಮತ್ತು ನೀರಿನ ಬಾಟಲಿ ಇದ್ದರೆ ಸಾಕು. ದಿನವಿಡೀ ಬಿಸಿಲಲ್ಲಿ ಡೆಲಿವರಿ ಮಾಡುವ ಹುಡುಗರಿಗಂತೂ ಇದು ಗೊತ್ತಿರಲೇಬೇಕು. ರಸ್ತೆ ಬದಿಯಲ್ಲಿ ಕಳೆದ ಒಂದೊಂದು ಗಂಟೆಯೂ ಅವರಿಗೆ ದುಡ್ಡಿನ ಲೆಕ್ಕ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ 100ರಿಂದ 125 ಸಿಸಿಯ, ಗಾಳಿಯಿಂದಲೇ ತಣ್ಣಗಾಗುವ, ಕಾರ್ಬುರೇಟರ್ ಇರುವ ಬೈಕ್‌ಗಳ ಬಗ್ಗೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕ್‌ಗಳು ಎಫ್‌ಐ ಆದವು, ಅಂದರೆ ಕಾರ್ಬುರೇಟರ್ ಬದಲು ಎಲೆಕ್ಟ್ರಾನಿಕ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವಂಥವು. ಅವುಗಳ ಮಾತು ಕೊನೆಯಲ್ಲಿ ಇದೆ.

ನಿಲ್ಲಿಸಿದ ಮೇಲೆ ಯಾಕೆ ಕೈಕೊಡುತ್ತದೆ?

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಬಳ್ಳಾರಿ, ರಾಯಚೂರಿನಷ್ಟು ಬಿಸಿಲು ಇಲ್ಲ ಅನ್ನುವುದು ನಿಜ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ್ದೇ ದೊಡ್ಡ ಸುದ್ದಿಯಾಗಿತ್ತು. ಆದರೆ ಬೈಕಿಗೆ ಕಷ್ಟ ಕೊಡುವುದು ಬಿಸಿಲೊಂದೇ ಅಲ್ಲ, ಟ್ರಾಫಿಕ್ ಕೂಡ. ಸಿಲ್ಕ್ ಬೋರ್ಡ್‌ನಲ್ಲೋ ಟಿನ್ ಫ್ಯಾಕ್ಟರಿ ಹತ್ತಿರವೋ ಮೊದಲನೇ ಗೇರಿನಲ್ಲಿ ತೆವಳುವಾಗ ಎಂಜಿನ್‌ಗೆ ಗಾಳಿ ಬಡಿಯುವುದಿಲ್ಲ, ಅಕ್ಕಪಕ್ಕದ ಬಸ್ಸಿನ ಬಿಸಿ ಬೇರೆ. ಗಾಳಿಯಿಂದ ತಣ್ಣಗಾಗುವ ಎಂಜಿನ್‌ಗೆ ಗಾಳಿಯೇ ಇಲ್ಲದ ಸ್ಥಿತಿ ಅದು.

ಇನ್ನೂ ಒಂದು ವಿಷಯ ಇದೆ. ಎಂಜಿನ್ ಆಫ್ ಮಾಡಿದ ಕೂಡಲೇ ಕಾರ್ಬುರೇಟರ್ ತಣ್ಣಗಾಗುವುದಿಲ್ಲ, ಬದಲಿಗೆ ಇನ್ನೂ ಬಿಸಿಯಾಗುತ್ತದೆ. ಓಡುವಾಗ ಒಳಗೆ ಎಳೆದುಕೊಳ್ಳುವ ಗಾಳಿ ಮತ್ತು ಹೊಸ ಪೆಟ್ರೋಲ್ ಅದನ್ನು ತಂಪಾಗಿ ಇಟ್ಟಿರುತ್ತವೆ. ನಿಂತ ಮೇಲೆ ಆ ತಂಪು ಇಲ್ಲ, ಎಂಜಿನ್‌ನ ಮೇಲ್ಭಾಗವಾದ ಹೆಡ್‌ನ ಬಿಸಿ ಮಾತ್ರ ಹಿಂದಕ್ಕೆ ಹರಿದು ಬರುತ್ತದೆ. ಪೆಟ್ರೋಲಿನಲ್ಲಿರುವ ಹಗುರ ಅಂಶಗಳು 40 ಡಿಗ್ರಿ ಆಸುಪಾಸಿನಲ್ಲೇ ಆವಿಯಾಗಲು ಶುರುವಾಗುತ್ತವೆ. ಅದಕ್ಕೇ ನೋಡಿ, ಎರಡು ನಿಮಿಷ ನಿಲ್ಲಿಸಿದರೆ ಸ್ಟಾರ್ಟ್ ಆಗುವ ಬೈಕು ಹತ್ತು-ಹದಿನೈದು ನಿಮಿಷ ನಿಲ್ಲಿಸಿದರೆ ಆಗುವುದಿಲ್ಲ, ಒಂದು ಗಂಟೆ ಬಿಟ್ಟರೆ ಮತ್ತೆ ಆಗುತ್ತದೆ.

ಮೊದಲ ಪ್ರಶ್ನೆ: ಅದು ನಿಂತಿದ್ದು ಹೇಗೆ?

ಸ್ಪ್ಯಾನರ್ ಹಿಡಿಯುವ ಮೊದಲು ಇದನ್ನು ನೆನಪು ಮಾಡಿಕೊಳ್ಳಿ, ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಓಡುತ್ತಿದ್ದ ಬೈಕು ಯಾರೋ ಕೀ ಆಫ್ ಮಾಡಿದ ಹಾಗೆ ಒಮ್ಮೆಲೇ ನಿಂತಿತಾ? ಹಾಗಾದರೆ ಕರೆಂಟಿನ ಕಡೆ ನೋಡಿ, ಅಂದರೆ ಪ್ಲಗ್, ಅದಕ್ಕೆ ಹೈ ವೋಲ್ಟೇಜ್ ಕೊಡುವ ಕಾಯಿಲ್, ಕಿಡಿಯ ಸಮಯ ನಿಯಂತ್ರಿಸುವ ಸಿಡಿಐ, ವೈರಿಂಗ್. ಎಳೆಯುವುದು ಕಡಿಮೆಯಾಗಿ, ಮುಗ್ಗರಿಸಿ, ಎರಡು ಸಲ ಕೆಮ್ಮಿ ನಿಂತಿತಾ? ಅದು ಪೆಟ್ರೋಲ್ ಸಾಲದೆ ನಿಂತದ್ದು. ಓಡುವಾಗ ಚೆನ್ನಾಗಿಯೇ ಇತ್ತು, ನೀವೇ ಆಫ್ ಮಾಡಿದಿರಿ, ಆಮೇಲೆ ಸ್ಟಾರ್ಟ್ ಆಗಲಿಲ್ಲ, ಹತ್ತಿರ ಹೋದರೆ ಪೆಟ್ರೋಲ್ ವಾಸನೆ ಬೇರೆ ಬರುತ್ತಿದೆ ಅಂದರೆ ಹೆಚ್ಚಾಗಿ ಓವರ್‌ಫ್ಲೋ, ಅಂದರೆ ಪೆಟ್ರೋಲ್ ಜಾಸ್ತಿಯಾಗಿದೆ. ಕಿಕ್ಕರ್ ತುಳಿದಾಗ ಬೆಳಗ್ಗೆಗಿಂತ ಹಗುರವಾಗಿ ಇಳಿಯುತ್ತಿದೆಯಾ, ಕಾಲಿಗೆ ಬಿಗಿ ಸಿಗುತ್ತಿಲ್ಲವಾ? ಆಗ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ), ಅದರಲ್ಲೂ ಟ್ಯಾಪೆಟ್ (ವಾಲ್ವ್‌ನ ಸಂದಿನ ಹೊಂದಾಣಿಕೆ) ಮೇಲೆ ಅನುಮಾನ ಇಡಿ.

ಕಿಲ್ ಸ್ವಿಚ್, ಪೆಟ್ರೋಲ್ ಕಾಕ್, ರಿಸರ್ವ್, ಇದ್ದರೆ ಸೈಡ್ ಸ್ಟ್ಯಾಂಡ್ ಸ್ವಿಚ್, ಇವನ್ನೂ ಒಮ್ಮೆ ನೋಡಿಬಿಡಿ. ಪಾರ್ಕಿಂಗ್‌ನಲ್ಲಿ ಆಟವಾಡುವ ಮಕ್ಕಳ ಕೈ ಮೊದಲು ಹೋಗುವುದೇ ಕಿಲ್ ಸ್ವಿಚ್‌ಗೆ.

ಕರೆಂಟ್ ಬರುತ್ತಿದೆಯಾ?

ಇದು ಮೊದಲ ಪರೀಕ್ಷೆ. ಎಂಜಿನ್‌ನಲ್ಲಿರುವ ಪ್ಲಗ್ ಬಿಚ್ಚಬೇಡಿ. ಅದರ ಕ್ಯಾಪ್ ಮಾತ್ರ ಎಳೆದು, ನಿಮ್ಮ ಹತ್ತಿರ ಇರುವ ಹೊಸ ಪ್ಲಗ್ಗಿಗೆ ಹಾಕಿ. ಆ ಪ್ಲಗ್ಗಿನ ಲೋಹದ ಭಾಗವನ್ನು ಎಂಜಿನ್‌ನ ಬಣ್ಣವಿಲ್ಲದ ಜಾಗಕ್ಕೆ, ಒಂದು ಬೋಲ್ಟ್ ತಲೆಗೋ ಎಲ್ಲಿಗೋ, ಗಟ್ಟಿಯಾಗಿ ತಾಗಿಸಿ ಹಿಡಿಯಿರಿ. ಕೈ ರಬ್ಬರ್ ಕ್ಯಾಪಿನ ಮೇಲೆ ಮಾತ್ರ ಇರಲಿ. ಕೀ ಆನ್ ಮಾಡಿ ಕಿಕ್ ಹೊಡೆಯಿರಿ. ಹಳೆ ಪ್ಲಗ್ ಅದರ ಜಾಗದಲ್ಲೇ ಇರುವುದರಿಂದ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬಂದು ಕಿಡಿಗೆ ಹೊತ್ತಿಕೊಳ್ಳುವ ಭಯ ಇಲ್ಲ, ಬಿಸಿ ಹೆಡ್‌ನಲ್ಲಿ ಪ್ಲಗ್ ಬಿಚ್ಚಿ ಮರೆ (ಥ್ರೆಡ್) ಕೆಡಿಸುವ ಅಪಾಯವೂ ಇಲ್ಲ. ಆದರೆ ಕೆಳಗೆ ಪೆಟ್ರೋಲ್ ಸೋರಿದ್ದರೆ ಈ ಪರೀಕ್ಷೆ ಬೇಡ. ಮೊದಲು ಒರೆಸಿ, ಗಾಳಿಯಾಡಲು ಬಿಡಿ. ಪ್ಲಗ್ಗನ್ನು ಎಲ್ಲಿಗೂ ತಾಗಿಸದೆ ಗಾಳಿಯಲ್ಲಿ ಹಿಡಿದು ಕಿಕ್ ಹೊಡೆಯುವುದೂ ತಪ್ಪು, ಅದರಿಂದ ಸಿಡಿಐ, ಕಾಯಿಲ್ ಹಾಳಾಗಬಹುದು.

ಚಟ್ ಅಂತ ಸದ್ದು ಮಾಡುವ ನೀಲಿ ಕಿಡಿ ಬಂದರೆ ಕಾಯಿಲ್, ಸಿಡಿಐ ಕೆಲಸ ಮಾಡುತ್ತಿವೆ. ಕ್ಯಾಪನ್ನು ಹಳೆ ಪ್ಲಗ್ಗಿಗೇ ಹಾಕಿ ಇನ್ನೊಮ್ಮೆ ಕಿಕ್ ಹೊಡೆದು ನೋಡಿ, ಆಗದಿದ್ದರೆ ಪ್ಲಗ್ ಬದಲಿಸಿ. ಬಿಸಿಯಾದಾಗ ಮಾತ್ರ ಕೈಕೊಡುವ ಪ್ಲಗ್‌ಗಳಿವೆ, ಒಳಗಿನ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಹಾಗಾಗುತ್ತದೆ. ಹೊಸ ಪ್ಲಗ್ಗನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರ್. ಹೆಡ್ ಅಲ್ಯೂಮಿನಿಯಂ, ಅದರಲ್ಲೂ ಬಿಸಿ ಇರುವಾಗ ಮರೆ ಬೇಗ ಹೋಗುತ್ತದೆ.

ಕಿಡಿ ಇಲ್ಲ, ಅಥವಾ ಕೆಂಪಗೆ ಸಣ್ಣಗೆ ಬರುತ್ತಿದೆ ಅನ್ನಿ. ಕ್ಯಾಪನ್ನು ಎಡಕ್ಕೆ ತಿರುಗಿಸಿದರೆ ಹೆಚ್ಚಿನ ಬೈಕ್‌ಗಳಲ್ಲಿ ವೈರಿನಿಂದ ಕಳಚಿ ಬರುತ್ತದೆ. ವೈರಿನ ತುದಿ ಹಸಿರುಗಟ್ಟಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ತಿರುಗಿಸಿ ಹಾಕಿ. ಇಷ್ಟಕ್ಕೇ ಸರಿಹೋದ ಬೈಕ್‌ಗಳು ಬಹಳ.

ಅದೂ ಅಲ್ಲದಿದ್ದರೆ ಎಚ್‌ಟಿ ಕಾಯಿಲ್, ಅಂದರೆ ಮೇಲೆ ಹೇಳಿದ ಹೈ ವೋಲ್ಟೇಜ್ ಕಾಯಿಲ್. ಇದು ಸಾಮಾನ್ಯವಾಗಿ ಟ್ಯಾಂಕ್ ಕೆಳಗೆ ಫ್ರೇಮಿಗೆ ಕೂತಿರುತ್ತದೆ. ಪ್ಲಗ್ ವೈರನ್ನೇ ಹಿಡಿದು ಹಿಂದಕ್ಕೆ ಹೋದರೆ ಸಿಗುತ್ತದೆ. ಕೀ ಆಫ್ ಮಾಡಿ, ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಆ ಕಾಯಿಲ್ ಮೇಲೆ ಮಾತ್ರ ಸುತ್ತಿ ಮೂರ್ನಾಲ್ಕು ನಿಮಿಷ ಬಿಡಿ. ಬಟ್ಟೆ ತೆಗೆದು, ಒರೆಸಿ, ಮತ್ತೆ ಕಿಡಿ ನೋಡಿ. ಎಂಜಿನ್ ಇನ್ನೂ ಕೈ ಇಡಲಾಗದಷ್ಟು ಬಿಸಿ ಇದ್ದಾಗಲೇ ಕಿಡಿ ವಾಪಸ್ ಬಂದರೆ ಕಳ್ಳ ಸಿಕ್ಕಂತೆಯೇ. ಈ ವಿಧಾನ ನನಗೆ ತುಂಬಾ ಇಷ್ಟ, ಯಾಕೆಂದರೆ ಇಲ್ಲಿ ಒಂದು ಪಾರ್ಟ್ ಮಾತ್ರ ತಣ್ಣಗಾಗುತ್ತದೆ, ಉಳಿದದ್ದೆಲ್ಲ ಬಿಸಿಯಾಗಿಯೇ ಇರುತ್ತದೆ, ಅನುಮಾನಕ್ಕೆ ಜಾಗ ಇರುವುದಿಲ್ಲ. ಮನೆಯಲ್ಲಿ ಇದನ್ನೇ ತಿರುಗಿಸಿಯೂ ಮಾಡಬಹುದು. ಬೆಳಗ್ಗೆ ತಣ್ಣಗಿರುವ ಬೈಕಿನ ಕಾಯಿಲ್‌ಗೆ ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ, ಆಗ ಕಿಡಿ ಮಾಯವಾಗುತ್ತದಾ ನೋಡಿ.

ಕಾಯಿಲ್ ತಣ್ಣಗಾದರೂ ಕಿಡಿ ಬರಲಿಲ್ಲ ಅಂದರೆ ಉಳಿದವು ಪಲ್ಸರ್ ಕಾಯಿಲ್ (ಕಿಡಿ ಯಾವಾಗ ಬರಬೇಕು ಅಂತ ಸಿಡಿಐಗೆ ಸೂಚನೆ ಕೊಡುವ ಸಣ್ಣ ಕಾಯಿಲ್), ಸಿಡಿಐ ಮತ್ತು ಕೆಲವು ಬೈಕ್‌ಗಳಲ್ಲಿ ಮ್ಯಾಗ್ನೆಟ್ (ಎಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಚಕ್ರ) ಒಳಗಿನ, ಸಿಡಿಐಗೆ ಕರೆಂಟ್ ಕೊಡುವ ಎಕ್ಸೈಟರ್ ಕಾಯಿಲ್. ನನ್ನ ಅನುಮಾನ ಮೊದಲು ಹೋಗುವುದು ಪಲ್ಸರ್ ಕಾಯಿಲ್ ಮೇಲೆ. ಅದು ಮ್ಯಾಗ್ನೆಟ್ ಕವರ್ ಒಳಗೆ, ಎಂಜಿನ್ ಬಿಸಿಯಲ್ಲೇ ಬೇಯುತ್ತಿರುತ್ತದೆ. ಒಳಗಿನ ತಾಮ್ರದ ತಂತಿ ಬಹಳ ಸಣ್ಣದು. ಎಲ್ಲೋ ಒಂದು ಕಡೆ ಕಣ್ಣಿಗೆ ಕಾಣದಷ್ಟು ಮುರಿದಿದ್ದರೆ, ತಣ್ಣಗಿದ್ದಾಗ ಎರಡು ತುದಿ ತಾಗಿಕೊಂಡಿರುತ್ತವೆ, ಬಿಸಿಗೆ ಹಿಗ್ಗಿದಾಗ ಬಿಟ್ಟುಕೊಳ್ಳುತ್ತವೆ. ಇದನ್ನು ಹಿಡಿಯಲು ಒಂದು ಸಾದಾ ಮಲ್ಟಿಮೀಟರ್ ಬೇಕು. ಬೈಕ್ ತಣ್ಣಗಿರುವಾಗ ಸಿಡಿಐ ಹತ್ತಿರದ ಕನೆಕ್ಟರ್ ಬಿಚ್ಚಿ, ಪಲ್ಸರ್ ವೈರಿನ ಓಮ್ಸ್ ಎಷ್ಟಿದೆ ಅಂತ ಬರೆದಿಟ್ಟುಕೊಳ್ಳಿ. ವೈರಿನ ಬಣ್ಣ ಕಂಪನಿಗೊಂದು ಥರ ಇರುತ್ತದೆ, ನಿಮ್ಮ ಮಾಡೆಲ್‌ನ ವೈರಿಂಗ್ ಚಿತ್ರ ನೋಡಿಯೇ ಮುಂದುವರಿಯಿರಿ. ಬೈಕ್ ಕೈಕೊಟ್ಟಾಗ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಬಿಸಿಗೆ ಓಮ್ಸ್ ಸ್ವಲ್ಪ ಏರುವುದು ಸಹಜ. ಮೀಟರ್ ಏನೂ ತೋರಿಸದೆ ಪೂರ್ತಿ ಓಪನ್ ಅಂದರೆ ಆ ಕಾಯಿಲ್ ಮುಗಿದಿದೆ. ಸಿಡಿಐಯನ್ನು ಮಾತ್ರ ಮೀಟರ್‌ನಲ್ಲಿ ಅಳೆದು ತೀರ್ಮಾನ ಮಾಡಲು ಆಗುವುದಿಲ್ಲ. ಅದೇ ಮಾಡೆಲ್ ಬೈಕ್ ಇರುವ ಗೆಳೆಯರ ಹತ್ತಿರ ಒಂದು ದಿನಕ್ಕೆ ಕೇಳಿ ಹಾಕಿ ನೋಡುವುದೇ ದಾರಿ.

ಕಾಯಿಲ್ ಕೊಳ್ಳಲು ಜೆ.ಸಿ. ರೋಡಿಗೆ ಹೋದರೆ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ, ಕನೆಕ್ಟರ್ ಪಕ್ಕದಲ್ಲಿಟ್ಟು ಹೋಲಿಸಿ ತನ್ನಿ. ಅಗ್ಗದ ನಕಲಿ ಕಾಯಿಲ್ ಬೇಡವೇ ಬೇಡ. ಅದು ತಣ್ಣಗಿದ್ದಾಗ ಚೆನ್ನಾಗಿ ಓಡಿ ಬಿಸಿಯಲ್ಲೇ ಕೈಕೊಡುತ್ತದೆ, ಆಗ ನೀವು ಮೊದಲಿನಿಂದ ಹುಡುಕಬೇಕಾಗುತ್ತದೆ.

ಕರೆಂಟ್ ಸರಿ ಇದ್ದರೆ ಪೆಟ್ರೋಲ್

ಈಗ ಎಂಜಿನ್‌ನಲ್ಲಿದ್ದ ಪ್ಲಗ್ ಬಿಚ್ಚಿ ನೋಡಿ, ಬಟ್ಟೆ ಹಿಡಿದು, ಕೈ ಸುಟ್ಟುಕೊಳ್ಳದೆ. ತುದಿ ಒದ್ದೆ ಇದೆಯಾ, ಒಣಗಿದೆಯಾ? ಎರಡಕ್ಕೂ ದಾರಿ ಬೇರೆ ಬೇರೆ.

ಒದ್ದೆ ಇದ್ದರೆ ಪೆಟ್ರೋಲ್ ಜಾಸ್ತಿಯಾಗಿದೆ. ಬಿಸಿ ಬೈಕಿಗೆ ಚೋಕ್ ಎಳೆಯುವುದು ಇದಕ್ಕೆ ದೊಡ್ಡ ಕಾರಣ. ಸ್ಟಾರ್ಟ್ ಆಗಲಿಲ್ಲ ಅಂದ ಕೂಡಲೇ ಕೈ ಚೋಕಿಗೆ ಹೋಗುತ್ತದೆ, ಅಲ್ವಾ? ಬಿಸಿ ಎಂಜಿನ್‌ಗೆ ಅದು ಬೇಕಿಲ್ಲ. ನಮ್ಮ ಊರಿನ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಹತ್ತಿರ ಹತ್ತಿರ 10 ಪರ್ಸೆಂಟ್ ಕಡಿಮೆ. ಮಧ್ಯಾಹ್ನದ ಬಿಸಿ ಗಾಳಿ ಇನ್ನೂ ತೆಳು. ಮಂಗಳೂರಿನಲ್ಲಿ ಟ್ಯೂನ್ ಮಾಡಿಸಿದ ಕಾರ್ಬುರೇಟರ್ ಇಲ್ಲಿ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಸ್ವಲ್ಪ ಜಾಸ್ತಿಯೇ ಕೊಡುತ್ತದೆ. ಅದರ ಮೇಲೆ ಚೋಕ್ ಎಳೆದರೆ ಪ್ಲಗ್ ತೊಯ್ದು ಹೋಗುತ್ತದೆ.

ಮಾಡಬೇಕಾದದ್ದು ಹೀಗೆ: ಪೆಟ್ರೋಲ್ ಕಾಕ್ ಮುಚ್ಚಿ. ಚೋಕ್ ಪೂರ್ತಿ ಆಫ್. ಪ್ಲಗ್ ಒರೆಸಿ ಒಣಗಿಸಿ ಹಾಕಿ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಾಗೇ ಹಿಡಿದು, ಅಲ್ಲಾಡಿಸದೆ, ಐದಾರು ಸಲ ನಿಧಾನಕ್ಕೆ ಉದ್ದ ಕಿಕ್ ಹೊಡೆಯಿರಿ. ಹೆಚ್ಚಾದ ಪೆಟ್ರೋಲ್ ಗಾಳಿಯ ಜೊತೆ ಹೊರಗೆ ಹೋಗುತ್ತದೆ. ಹೊತ್ತಿಕೊಂಡ ತಕ್ಷಣ ಆಕ್ಸಿಲರೇಟರ್ ಇಳಿಸಿ, ಕಾಕ್ ತೆರೆಯಿರಿ. ಹೀಗೆ ಸ್ಟಾರ್ಟ್ ಆದರೆ ದೋಷ ಯಾವುದು ಅಂತ ಗೊತ್ತಾಯಿತು. ಆದರೆ ರಿಪೇರಿ ಆದಂತಲ್ಲ. ಯಾಕೆ ಜಾಸ್ತಿಯಾಯಿತು ಅಂತ ನೋಡಬೇಕು. ಕಾರ್ಬುರೇಟರ್ ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಪಿನ್ ಸವೆದಿರಬಹುದು, ಕಸ ಸಿಕ್ಕಿರಬಹುದು, ಫ್ಲೋಟ್‌ನ ಮಟ್ಟ ಮೇಲಿರಬಹುದು. ಓವರ್‌ಫ್ಲೋ ಪೈಪಿನಿಂದ ಹನಿ ಬೀಳುತ್ತಿದ್ದರೆ ಇದರಲ್ಲಿ ಒಂದು ಖಂಡಿತ.

ಬಿಸಿಲಿನಲ್ಲಿ ನಿಲ್ಲಿಸುವ ಬೈಕಿನ ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಬೇಡಿ. 10 ಲೀಟರ್ ಪೆಟ್ರೋಲ್ 10 ಡಿಗ್ರಿ ಬಿಸಿಯಾದರೆ ಸುಮಾರು 100 ಮಿಲಿ ಹಿಗ್ಗುತ್ತದೆ. ಹಿಗ್ಗಲು ಜಾಗ ಇಲ್ಲದಿದ್ದರೆ ಆ ಒತ್ತಡ ಫ್ಲೋಟ್ ಪಿನ್ ಮೇಲೆ ಬೀಳುತ್ತದೆ, ಮೊದಲೇ ಸವೆದ ಪಿನ್ ತಡೆಯುವುದಿಲ್ಲ.

ಇನ್ನು ಪ್ಲಗ್ ಒಣಗಿದ್ದರೆ. ಕಾರ್ಬುರೇಟರ್ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ, ಪೈಪಿನ ತುದಿಗೆ ಖಾಲಿ ಬಾಟಲಿ ಹಿಡಿಯಿರಿ. ಬಿಸಿ ಸೈಲೆನ್ಸರ್ ಮೇಲೆ ಒಂದು ಹನಿಯೂ ಬೀಳದ ಹಾಗೆ, ಹತ್ತಿರ ಬೀಡಿ-ಸಿಗರೇಟು ಇಲ್ಲದ ಹಾಗೆ. ಪೆಟ್ರೋಲ್ ಸಮನಾಗಿ ಸುರಿದರೆ ಟ್ಯಾಂಕಿನಿಂದ ಇಲ್ಲಿಯವರೆಗೆ ದಾರಿ ಸರಿ ಇದೆ. ಸ್ವಲ್ಪ ಸುರಿದು ನಿಂತರೆ ಟ್ಯಾಂಕ್ ಮುಚ್ಚಳ ತೆರೆಯಿರಿ. ಸುಯ್ ಅಂತ ಗಾಳಿ ಒಳಗೆ ಹೋಗಿ ಪೆಟ್ರೋಲ್ ಮತ್ತೆ ಸುರಿಯಲು ಶುರುವಾದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಮೆಟ್ರೋ ಕಾಮಗಾರಿಯ ಧೂಳು, ಪಾಲಿಶ್‌ನ ಮೇಣ, ಟ್ಯಾಂಕ್ ಕವರ್, ಯಾವುದು ಬೇಕಾದರೂ ಕಾರಣ ಆಗಬಹುದು. ಸಣ್ಣ ತಂತಿಯಲ್ಲಿ ತೂತು ಬಿಡಿಸಿದರೆ ಕೆಲಸ ಮುಗಿಯಿತು. ಮುಚ್ಚಳ ತೆರೆದರೂ ಸುರಿಯದಿದ್ದರೆ ಕಾಕ್ ಒಳಗಿನ ಜಾಲರಿ ಅಥವಾ ಪೈಪಿನ ಫಿಲ್ಟರ್ ನೋಡಿ. ಪೈಪ್ ಎಂಜಿನ್‌ಗೆ ತಾಗಿಕೊಂಡು ಹೋಗುತ್ತಿದೆಯಾ ಅನ್ನುವುದನ್ನೂ ನೋಡಿ. ತಾಗಿದ್ದರೆ ಅದರೊಳಗೇ ಪೆಟ್ರೋಲ್ ಕುದ್ದು ಗುಳ್ಳೆ ಕಟ್ಟುತ್ತದೆ. ಅಂಥ ಹೊತ್ತಿನಲ್ಲಿ ಪೈಪಿಗೂ ಕಾರ್ಬುರೇಟರ್ ಬಟ್ಟಲಿಗೂ ಒದ್ದೆ ಬಟ್ಟೆ ಇಟ್ಟರೆ ಬೇಗ ಸರಿಹೋಗುತ್ತದೆ. ಬಿಸಿ ಹೆಡ್ ಮೇಲೆ ಮಾತ್ರ ನೀರು ಸುರಿಯಬೇಡಿ, ಲೋಹ ಬಿರುಕು ಬಿಡಬಹುದು.

ಬಾಟಲಿಗೆ ಹಿಡಿದ ಪೆಟ್ರೋಲನ್ನು ಚೆಲ್ಲುವ ಮೊದಲು ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು. 2023ರ ಫೆಬ್ರವರಿಯಲ್ಲಿ 20 ಪರ್ಸೆಂಟ್ ಎಥನಾಲ್ ಇರುವ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನೀರು ಒಂದು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಏಪ್ರಿಲ್-ಮೇ ತಿಂಗಳ ಸಂಜೆ ಮಳೆಗೆ ನೆನೆಯುವ ಬೈಕ್‌ಗಳಲ್ಲಿ ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ನೀರು ಇಳಿಯುವುದು ಸುಲಭ. ಹಳೆ ಬೈಕ್‌ಗಳ ಪೈಪು, ಓ-ರಿಂಗ್‌ಗಳು ಎಥನಾಲ್‌ಗೆ ಉಬ್ಬಬಹುದು, ಗಡಸಾಗಬಹುದು. ಅವನ್ನು ಬದಲಿಸುವುದಕ್ಕೆ ದೊಡ್ಡ ಖರ್ಚೇನಿಲ್ಲ.

ಒಂದು ಸಣ್ಣ ಪಾರ್ಟ್ ಬಗ್ಗೆ ಒತ್ತಿ ಹೇಳಬೇಕು. ಕಾರ್ಬುರೇಟರ್ ಮತ್ತು ಹೆಡ್ ನಡುವೆ ದಪ್ಪದ ಒಂದು ಇನ್ಸುಲೇಟರ್ ಇರುತ್ತದೆ, ಹೆಡ್‌ನ ಬಿಸಿ ಕಾರ್ಬುರೇಟರ್‌ಗೆ ಬರದ ಹಾಗೆ ತಡೆಯುವುದು ಅದೇ. ಬಿಚ್ಚಿ ಜೋಡಿಸುವಾಗ ಅದು ಬಿರುಕು ಬಿಟ್ಟಿತು ಅಂತ ತೆಗೆದು ತೆಳು ಪ್ಯಾಕಿಂಗ್ ಮಾತ್ರ ಹಾಕಿದರೆ, ಆವತ್ತಿನಿಂದಲೇ ಬಿಸಿಯ ತೊಂದರೆ ಶುರು. ನಿಮ್ಮ ಬೈಕಿಗೆ ಈ ಕಾಯಿಲೆ ಬಂದದ್ದು ಕಾರ್ಬುರೇಟರ್ ಸರ್ವಿಸ್ ಆದ ಮೇಲೆಯೇ ಅನ್ನುವುದಾದರೆ ಮೊದಲು ನೋಡಬೇಕಾದದ್ದು ಇದನ್ನೇ.

ಎರಡೂ ಸರಿ ಇದ್ದರೆ ಟ್ಯಾಪೆಟ್

ಹೆಚ್ಚಿನವರು ಇಲ್ಲಿಯವರೆಗೆ ಬರುವುದೇ ಇಲ್ಲ. ಕಿಡಿ ಇದೆ, ಪೆಟ್ರೋಲ್ ಇದೆ, ಆದರೂ ಬಿಸಿಯಲ್ಲಿ ಸ್ಟಾರ್ಟ್ ಆಗುವುದಿಲ್ಲ ಅಂದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಎಂದೇ ನನ್ನ ಮೊದಲ ಅನುಮಾನ. ಬಿಸಿಯಾದಾಗ ವಾಲ್ವ್ ಕಾಂಡ ಉದ್ದವಾಗುತ್ತದೆ. ಅದಕ್ಕಾಗಿಯೇ ವಾಲ್ವ್ ಒತ್ತಿ ತೆರೆಯುವ ರಾಕರ್ ಮತ್ತು ವಾಲ್ವ್ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ. ವಾಲ್ವ್ ಸೀಟು ಸವೆದು ಒಳಕ್ಕೆ ಕೂತಂತೆ ಈ ಸಂದು ತಾನಾಗಿಯೇ ಕಡಿಮೆಯಾಗುತ್ತದೆ. ಕೊನೆಗೆ ತಣ್ಣಗಿದ್ದಾಗ ಸರಿ, ಬಿಸಿಯಾದಾಗ ವಾಲ್ವ್ ಸ್ವಲ್ಪ ತೆರೆದೇ ಇರುತ್ತದೆ, ಕಂಪ್ರೆಷನ್ ಸೋರಿಹೋಗುತ್ತದೆ.

ಟ್ಯಾಪೆಟ್ ಸದ್ದು ಬಂದರೆ ಕೆಟ್ಟದ್ದು, ಸದ್ದೇ ಇಲ್ಲದಿದ್ದರೆ ಒಳ್ಳೆಯದು ಅಂತ ನಂಬಿದವರು ಬಹಳ. ಸದ್ದು ನಿಲ್ಲುವವರೆಗೆ ಟೈಟ್ ಮಾಡಿಸಿಕೊಂಡು ಬರುತ್ತಾರೆ. ಸಣ್ಣ ಬೈಕಿನಲ್ಲಿ ಹಗುರವಾದ ಟಿಕ್-ಟಿಕ್ ಸದ್ದು ಇರಬೇಕು. ಅಳತೆ ನಿಮ್ಮ ಬೈಕಿನ ಪುಸ್ತಕದಲ್ಲಿ ಇರುತ್ತದೆ, ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನ ಮಾತು ಅದು, ಬೆರಳಲ್ಲಿ ಅಲ್ಲಾಡಿಸಿ ಅಂದಾಜು ಮಾಡುವಂಥದ್ದಲ್ಲ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಹಾಕಿಯೇ ಹೊಂದಿಸಬೇಕು. ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಬೇಕು, ಪಿಸ್ಟನ್ ಕಂಪ್ರೆಷನ್‌ನ ತುದಿಯಲ್ಲಿರಬೇಕು. ಮ್ಯಾಗ್ನೆಟ್ ಮೇಲಿನ ‘ಟಿ’ ಗುರುತು ಕವರಿನ ಗುರುತಿಗೆ ಸೇರಿದಾಗ ಎರಡೂ ರಾಕರ್ ಸಡಿಲವಾಗಿರಬೇಕು. ಗ್ಯಾರೇಜಿನಲ್ಲಿ ಮಾಡಿಸುವುದಾದರೆ ಹಿಂದಿನ ಸಂಜೆಯೇ ಬೈಕ್ ಬಿಟ್ಟು, ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಟ್ಯಾಪೆಟ್ ಮಾಡಿ ಅಂತ ಕೇಳಿಕೊಳ್ಳಿ. ಟ್ಯಾಪೆಟ್ ಸರಿ ಇದ್ದೂ ಕಿಕ್ ಹಗುರ ಅನಿಸಿದರೆ ಕಂಪ್ರೆಷನ್ ಗೇಜ್ ಹಾಕಿಸಿ ನೋಡಬೇಕು, ಅದು ರಿಂಗ್, ಬೋರಿನ ಕೆಲಸ.

ಎಂಜಿನ್ ಆಯಿಲ್ ಕೂಡ ನೋಡಿ. ಈ ಬೈಕ್‌ಗಳಿಗೆ ಹಿಡಿಯುವುದೇ ಸುಮಾರು 1 ಲೀಟರ್. ಅದರಲ್ಲಿ ಕಾಲು ಭಾಗ ಕಡಿಮೆಯಾದರೂ ಎಂಜಿನ್ ಜಾಸ್ತಿ ಬಿಸಿಯಾಗುತ್ತದೆ.

ಎಫ್‌ಐ ಬೈಕ್ ಆದರೆ

ಇವುಗಳಲ್ಲಿ ಚೋಕ್, ಕಾಕ್, ಡ್ರೈನ್ ಸ್ಕ್ರೂ ಯಾವುದೂ ಇಲ್ಲ. ಕೀ ಆನ್ ಮಾಡಿದಾಗ ಟ್ಯಾಂಕಿನಿಂದ ಎರಡು ಕ್ಷಣ ಗುಂಯ್ ಅನ್ನುವ ಪಂಪಿನ ಸದ್ದು ಬರುತ್ತದಾ ಕೇಳಿಸಿಕೊಳ್ಳಿ. ಬರದಿದ್ದರೆ ಫ್ಯೂಸ್, ಪಂಪ್, ಅದರ ಕನೆಕ್ಟರ್ ನೋಡಬೇಕು. ಎಂಜಿನ್ ಲೈಟ್ ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಮೊಬೈಲ್‌ನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಮಿನುಗುವ ಲೆಕ್ಕದಲ್ಲೇ ದೋಷದ ಕೋಡ್ ತೋರಿಸುವ ಬೈಕ್‌ಗಳಿವೆ. ಎಂಜಿನ್ ಬಿಸಿಯನ್ನು ಅಳೆಯುವ ಸೆನ್ಸರ್ ತಪ್ಪು ತೋರಿಸಿದರೆ, ಬಿಸಿ ಎಂಜಿನ್‌ಗೂ ತಣ್ಣಗಿರುವ ಎಂಜಿನ್‌ಗೆ ಕೊಡುವಷ್ಟು ಪೆಟ್ರೋಲ್ ಹೋಗಿ ಪ್ಲಗ್ ತೊಯ್ಯುತ್ತದೆ. ಬ್ಯಾಟರಿ ಇಲ್ಲಿ ಬಹಳ ಮುಖ್ಯ. ನಿಂತಾಗ 12.4 ವೋಲ್ಟ್ ಮೇಲಿರಬೇಕು. ಸೆಲ್ಫ್ ಒತ್ತಿದಾಗ 10ಕ್ಕಿಂತ ಕೆಳಗೆ ಬೀಳುತ್ತಿದ್ದರೆ ಮೊದಲು ಬ್ಯಾಟರಿ ಚಾರ್ಜ್ ಮಾಡಿಸಿ, ಟರ್ಮಿನಲ್ ಬಿಗಿ ಮಾಡಿ, ಆಮೇಲೆ ಉಳಿದ ಮಾತು. ಬೈಕ್ ಒಮ್ಮೆ ಬಿದ್ದಿದ್ದರೆ ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ. ವಾಲಿದಾಗ ಎಂಜಿನ್ ನಿಲ್ಲಿಸುವ ಸೆನ್ಸರ್ ಇರುವ ಬೈಕ್‌ಗಳು ಅಷ್ಟಕ್ಕೇ ಸರಿಹೋಗುತ್ತವೆ.

ರಿಪೇರಿ ಆದ ಮೇಲೆ

ಗ್ಯಾರೇಜಿಗೆ ಹೋಗಲೇಬೇಕಾದರೆ “ಬಿಸಿಯಲ್ಲಿ ಸ್ಟಾರ್ಟ್ ಆಗಲ್ಲ” ಅಂತ ಮಾತ್ರ ಹೇಳಬೇಡಿ. “ಅಣ್ಣಾ, ಓಡ್ತಾ ಇದ್ದದ್ದು ಒಮ್ಮೆಲೇ ನಿಂತಿತು, ಆಗ ಹೊಸ ಪ್ಲಗ್ ಹಾಕಿ ನೋಡಿದೆ, ಕರೆಂಟ್ ಇರಲಿಲ್ಲ, ಕಾಯಿಲ್ ತಣ್ಣಗೆ ಮಾಡಿದರೂ ಬರಲಿಲ್ಲ” ಅಂತ ಹೇಳಿ. ಇಷ್ಟು ಹೇಳಿದರೆ ಅವರು ಕಾರ್ಬುರೇಟರ್ ಮುಟ್ಟದೆ ನೇರವಾಗಿ ಮ್ಯಾಗ್ನೆಟ್ ಕವರ್ ಬಿಚ್ಚುತ್ತಾರೆ.

ಬೈಕ್ ವಾಪಸ್ ತೆಗೆದುಕೊಳ್ಳುವಾಗ ಗ್ಯಾರೇಜ್ ಮುಂದೆ ಒಂದು ಕಿಕ್ ಹೊಡೆದು, ಸ್ಟಾರ್ಟ್ ಆಯಿತು ಅಂತ ದುಡ್ಡು ಕೊಟ್ಟು ಬರಬೇಡಿ. ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ, ಟ್ರಾಫಿಕ್ ಇರುವ ಕಡೆಯೇ ಮುಕ್ಕಾಲು ಗಂಟೆ ಓಡಿಸಿ. ನೆರಳಿಲ್ಲದ ಜಾಗದಲ್ಲಿ ಹದಿನೈದು ನಿಮಿಷ ನಿಲ್ಲಿಸಿ. ಚೋಕ್ ಮುಟ್ಟದೆ, ಆಕ್ಸಿಲರೇಟರ್ ತಿರುಗಿಸದೆ ಕಿಕ್ ಹೊಡೆಯಿರಿ. ಎರಡು ಕಿಕ್ ಒಳಗೆ ಎದ್ದರೆ ಅದೇ ಪರೀಕ್ಷೆಯನ್ನು ಮಾರನೇ ದಿನವೂ ಮಾಡಿ, ಅಲ್ಲಿಯವರೆಗೆ ಬಿಚ್ಚಿದ ಹಳೆ ಪಾರ್ಟ್ ಎಸೆಯಬೇಡಿ.